ಚಿಗರಿ ಮಲಗಿಯೇ ಮಂದೆ ಕಾದದ್ದು

ಬಲು ಹಿಂದೆ, ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಕಂಬಳಿನಾಡು ಎಂಬ ರಾಜ್ಯವಿತ್ತು. ಅಲ್ಲಿ ಮಾಳಿಂಗ ಎಂಬ ಕುರಿಗಾಹಿ ಇದ್ದ. ಅವನಿಗೆ ತಂದೆತಾಯಿ ಇರಲಿಲ್ಲ, ಹೊಲಮನೆ ಇರಲಿಲ್ಲ. ಒಂದು ಮಂದೆ ಕುರಿ ಇತ್ತು, ಚಿಗರಿ ಎಂಬ ನಾಯಿ ಇತ್ತು. ಮಾಳಿಂಗ ತನ್ನನ್ನು ಮಂದೆಯ ಯಜಮಾನ ಎಂದುಕೊಂಡಿದ್ದ. ಕುರಿಗಳು ಹಾಗೇನೂ ತಿಳಿದಿರಲಿಲ್ಲ.

ಆ ನಾಡಿನ ಕುರಿಗಾಹಿಗಳಲ್ಲಿ ಒಂದು ಪದ್ಧತಿ. ಸಂಜೆ ನಾಯಿ ಮಂದೆಯನ್ನು ಒಂದು ಸುತ್ತು ಹಾಕಬೇಕು, ಆಮೇಲೆಯೇ ಅದಕ್ಕೆ ನುಚ್ಚು. ಮರಿಯಾಗಿದ್ದಾಗಲೇ ಇದನ್ನು ಕಲಿಸುತ್ತಿದ್ದರು. ಸುತ್ತು ಮುಗಿಯಿತೆಂದರೆ ಅಲ್ಲಿ ಯಾವ ಮಾಯೆಯೂ ನಿಲ್ಲುತ್ತಿರಲಿಲ್ಲ.

ಬೋಳುಗುಡ್ಡದ ಮೇಲೆ ಮಬ್ಬುಗಣ್ಣ ಎಂಬ ಮಾಂತ್ರಿಕನಿದ್ದ. ಕುರಿಗಳನ್ನು ಕಲ್ಲು ಮಾಡಿ ಕೋಟೆ ಕಟ್ಟಿಸಿಕೊಳ್ಳುವುದು ಅವನ ಹುಚ್ಚು. ಕಾಯುವ ನಾಯಿ ಕುಂಟಾದರೆ ಮಾತ್ರ ಮಂದೆ ಕಲ್ಲಾಗುತ್ತಿತ್ತು. ಸುತ್ತಲಿನ ನಾಯಿಗಳೆಲ್ಲ ಕುಂಟಾದವು, ಮಂದೆಗಳೆಲ್ಲ ಗೋಡೆಯಾದವು. ಚಿಗರಿಯ ಮಂದೆಯೊಂದು ಉಳಿದಿತ್ತು.

ಒಂದು ಸಂಜೆ ಚಿಗರಿ ಸುತ್ತು ಹಾಕುವಾಗ ಅವನು ಮಂತ್ರ ಹಾಕಿದ. ಸಮನೆಲ ಗುಂಡಿಯಾಯಿತು. ಚಿಗರಿಯ ಮುಂಗಾಲು ಮುರಿಯಿತು, ಸುತ್ತು ಅರ್ಧಕ್ಕೇ ನಿಂತಿತು. ಮಬ್ಬುಗಣ್ಣ ಟಗರಿನ ರೂಪ ತಾಳಿ ಮಂದೆಯೊಳಗೆ ಸೇರಿಕೊಂಡ. ಮಾಳಿಂಗನಿಗೆ ಗೊತ್ತಾಗಲಿಲ್ಲ. ಕುರಿಗಳ ಗುರುತು ಹಿಡಿಯುವುದು ಚಿಗರಿಯ ಕೆಲಸವಾಗಿತ್ತು.

ಎಲುಬು ಕೂಡಿಸುವ ಹೊಳೆವ್ವ ಬಂದು ಬಿದಿರುಪಟ್ಟಿ ಇಟ್ಟು ಕಾಲಿಗೆ ಕಟ್ಟು ಹಾಕಿದಳು.

"ತಮ್ಮಾ, ಹುಣ್ಣಿಮಿ ತನಕ ಇದು ಕಾಲು ಊರಬಾರದು. ಊರಿತಂದ್ರ ಜೀವ ಇರೋತನಕ ಕುಂಟು. ನಿನ್ನ ಕುರಿಮಂದಿನೂ ಕಲ್ಲಾತು ಅಂತ ತಿಳಕೋ."

"ಇದು ಕುಂದ್ರೂ ನಾಯಿ ಅಲ್ಲವ್ವ. ನಿದ್ದಿಗಣ್ಣಾಗೂ ಓಡ್ತದ."

"ಹಂಗಾದ್ರ ನೀ ಕುಂದ್ರು ಅದರ ಬಾಜೂಕ."

ಮಾಳಿಂಗ ಕಂಬಳಿ ಹಾಸಿ ನಾಯಿಯನ್ನು ಮಲಗಿಸಿ ಪಕ್ಕದಲ್ಲಿ ಕುಳಿತ. ಚಿಗರಿ ಅವನನ್ನು ನೋಡಿತು, ಮಂದೆಯನ್ನು ನೋಡಿತು, ಮತ್ತೆ ಅವನನ್ನು ನೋಡಿತು.

ಮೊದಲು ಮಬ್ಬುಗಣ್ಣ ಮಂದೆಯಿಂದ ನುಸುಳಿ ಮೊಲವಾಗಿ ಬಂದು ಚಿಗರಿಯ ಮೂಗಿನ ಮುಂದೆಯೇ ಕುಪ್ಪಳಿಸಿದ. ಚಿಗರಿ ಪುಟಿಯಿತು. ಮಾಳಿಂಗ ಕಂಬಳಿ ಸಮೇತ ಅದನ್ನು ತಬ್ಬಿಕೊಂಡು ಬಿದ್ದ. ಕಾಲು ನೆಲ ಮುಟ್ಟಲಿಲ್ಲ.

ಆಮೇಲೆ ಮಬ್ಬುಗಣ್ಣ ಪೊದೆಯ ಹಿಂದಿನಿಂದ ಕುರಿಮರಿಯ ಹಾಗೆ ಅರಚಿದ. ಕೆಲಸದ ನಾಯಿಗೆ ಅದಕ್ಕಿಂತ ದೊಡ್ಡ ಅಪ್ಪಣೆ ಇಲ್ಲ. ಮಾಳಿಂಗ ಹೆದರಿ ಚಿಗರಿಯನ್ನು ಹಗ್ಗದಿಂದ ಗೂಟಕ್ಕೆ ಕಟ್ಟಿಬಿಟ್ಟ. ಹುಟ್ಟಿದಾಗಿನಿಂದ ಅದರ ಕೊರಳಿಗೆ ಹಗ್ಗ ಬಿದ್ದಿರಲಿಲ್ಲ.

ಕಾಲು ಉಳಿಯಿತು. ಆದರೆ ಚಿಗರಿ ನುಚ್ಚು ಮುಟ್ಟಲಿಲ್ಲ. ಹಾಲು ಹೊಯ್ದರೂ ಮುಟ್ಟಲಿಲ್ಲ. ಪಕ್ಕೆಲುಬು ಕಾಣಿಸಿದವು. ಹೊಳೆವ್ವ ಕಾಲು ಮುಟ್ಟಿ ನೋಡಿದಳು.

"ಎಲುಬು ಕೂಡಾಕತ್ತೈತಿ. ನಾಯಿನೇ ಉಳಿಯೂಹಂಗ ಕಾಣೂದಿಲ್ಲ. ಯಾಕ ಉಣ್ಣವಲ್ದು?"

ಮಾಳಿಂಗನಿಗೆ ಕಾರಣ ಹೊಳೆದಿತ್ತು, ನಾಚಿಕೆಯೂ ಆಗಿತ್ತು. "ಸುತ್ತು ಹಾಕಿಲ್ಲವ್ವ," ಎಂದ. "ದುಡಿದಿಲ್ಲಂತ ಉಣ್ಣವಲ್ದು. ಕಲಿಸಿದಾಂವ ನಾನಽ."

ಅವನು ಹಗ್ಗ ಬಿಚ್ಚಿದ. ಬಿಚ್ಚಿ, ಹೊಳೆವ್ವನಿಗೆ ಹೇಳಿದ: "ನಾಯಿ ಸುತ್ತಾಕ ಆಗದಿದ್ರ ಕುರಿಮಂದಿನೇ ಸುತ್ತಲಿ. ಕುರಿಗೇನು, ಮುಂದಿಂದು ಹೋದ್ರ ಹಿಂದಿಂದು ಹೋಗ್ತದ. ನೀ ಮುಂದಿಂದನ್ನ ಹಿಡಕೊಂಡು ನಡಿ."

ಸಂಜೆ ಹೊಳೆವ್ವ ಮುಂದೆ ನಡೆದಳು, ಕುರಿಗಳು ಸಾಲಾಗಿ ಹಿಂಬಾಲಿಸಿದವು. ಚಿಗರಿ ನಡುವೆ ಮಲಗಿತ್ತು. ಒಂದೊಂದು ಕುರಿಯೂ ಮೂಗಿನ ಮುಂದೆ ಹಾದಂತೆ ಅದು ಮೂಸಿ ಬಿಟ್ಟಿತು. ಅದರ ಬಾಲ ಆಡತೊಡಗಿತು. ಮತ್ತೆ ಟಗರಾಗಿ ಮಂದೆ ಸೇರಿದ್ದ ಮಬ್ಬುಗಣ್ಣನೂ ಸಾಲು ಬಿಟ್ಟು ನಿಂತರೆ ಸಿಕ್ಕಿಬೀಳುತ್ತೇನೆಂದು ಎಲ್ಲರ ಹಿಂದೆ ನಡೆದ. ಅವನು ಹತ್ತಿರ ಬಂದಾಗ ಚಿಗರಿಯ ಬಾಲ ನಿಂತಿತು. ಬೆನ್ನ ಕೂದಲು ನಿಮಿರಿತು.

"ಚಿಗರೀ, ಹಿಡಿ," ಎಂದಿತು ಟಗರು. ಅದು ಮಾಳಿಂಗನದೇ ದನಿ.

ಚಿಗರಿ ಮೈಯೆತ್ತಿತು.

"ಚಿಗರೀ, ಇರು," ಎಂದ ಮಾಳಿಂಗ.

ಎರಡೂ ಒಂದೇ ದನಿ. ಆದರೆ ಒಂದರ ಜೊತೆ ಬೆನ್ನ ಮೇಲೊಂದು ಕೈ ಇತ್ತು. ಚಿಗರಿ ಮೈಯಿಳಿಸಿತು. ಮಲಗಿದಲ್ಲಿಂದಲೇ ಗಟ್ಟಿಯಾಗಿ ಬೊಗಳಿತು. ಟಗರು ಬೆದರಿ ಮುಂದಕ್ಕೆ ನುಗ್ಗಿತು. ಆ ಹೆಜ್ಜೆಗೆ ಸಾಲಿನ ಹಿಂತುದಿ ಮುಂತುದಿಗೆ ಕೂಡಿತು, ಸುತ್ತು ಮುಗಿಯಿತು.

ಉಣ್ಣೆ ಉದುರಿ ಮಬ್ಬುಗಣ್ಣ ನಿಂತಿದ್ದ. ಒಂದು ಗಳಿಗೆ ನಿಂತಿದ್ದು ಹೊಗೆಯಾಗಿ ಹೋದ. ಬೋಳುಗುಡ್ಡದ ಮೇಲೆ ಕೋಟೆ ಬ್ಯಾ ಎಂದು ಕೂಗಿ, ಕುರಿಯಾಗಿ ಇಳಿದು ಬಂತು.

ಚಿಗರಿ ನುಚ್ಚು ತಿಂದು ಬಟ್ಟಲು ನೆಕ್ಕಿತು. ಮಾಳಿಂಗ ಅತ್ತ. ಅವನಿಗೆ ಅಷ್ಟು ಸಂತೋಷವಾಗಿತ್ತು.

ಹುಣ್ಣಿಮೆಗೆ ಕಟ್ಟು ಬಿಚ್ಚಿದರು, ಚಿಗರಿ ಓಡಿತು. ತಮ್ಮ ಕುರಿ ಹೊಡೆದುಕೊಂಡು ಹೋಗಲು ನಾಡಿನ ಕುರಿಗಾಹಿಗಳೆಲ್ಲ ಬಂದಿದ್ದರು. ಅವರ ಕುಂಟ ನಾಯಿಗಳು ದೂರದಲ್ಲಿ, ಯಾರೂ ಕರೆಯದಿದ್ದರೂ ಬಂದು, ತಲೆ ತಗ್ಗಿಸಿ ಕುಳಿತಿದ್ದವು. ಮಾಳಿಂಗ ಮೊದಲಿಗಿದ್ದ ಮುದಿ ನಾಯಿಯನ್ನು ಎತ್ತಿ ತಂದು ಅದರ ಮಂದೆಯ ನಡುವೆ ಮಲಗಿಸಿದ. ಕುರಿಗಳು ಅದರ ಸುತ್ತ ನಡೆದವು. ಮುದಿ ನಾಯಿ ಒಂದೊಂದನ್ನೂ ಮೂಸಿ, ಗುರುತು ಹಿಡಿದು, ಬಾಲ ಆಡಿಸಿತು. ಅದರ ಯಜಮಾನ ನುಚ್ಚಿನ ಬಟ್ಟಲು ತಂದು ಮುಂದಿಟ್ಟ.

ಅಂದಿನಿಂದ ಕಂಬಳಿನಾಡಿನಲ್ಲಿ ಜನ ಸುಖವಾಗಿದ್ದರು, ಕುರಿಗಳು ಕುರಿಗಳಾಗಿಯೇ ಇದ್ದವು, ಕಾಲು ಹೋದ ನಾಯಿಗೂ ಕೆಲಸವಿತ್ತು.