ಚಿನ್ನದ ರೇಕು ಹಚ್ಚಿದ ದಿನ

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು!

ಸಫಿಯಾ ಚಹಾದ ಲೋಟ ಹಿಡಿದು ಹಾಗೇ ನಿಂತುಬಿಟ್ಟಳು. ಕಾಪುವಿನ ಏಪ್ರಿಲ್ ಸೆಕೆಯಲ್ಲಿ ಯಾರಾದರೂ ಬಾಗಿಲು ಕಿಟಕಿ ಮುಚ್ಚಿ ಕೂರುತ್ತಾರೆಯೇ? ಒಳಗಿದ್ದವನು ಜಮಾಲುದ್ದೀನ್. ಜೊತೆಗೆ ಕಲ್ಯಾಣಪುರದ ಲೊರ್ನಾ. ಅವಳು ಬಸ್ಸಿಳಿದು ಬಂದದ್ದನ್ನು ಇವಳೇ ಬಾವಿಕಟ್ಟೆಯಿಂದ ನೋಡಿದ್ದಳು.

"ಹತ್ತಿರ ಬಾ ಲೊರ್ನಾ, ಇನ್ನೂ ಹತ್ತಿರ..."

ಜಮಾಲುದ್ದೀನನ ದನಿ!

ಅದು ಎಪ್ಪತ್ತೆಂಟನೇ ಇಸವಿ. ಕಾರ್ಕಳದ ಜಮಾಲುದ್ದೀನ್ ಬೀದರಿನಲ್ಲಿ ಹಸ್ತಪ್ರತಿ ಬರೆಯುವ ಕೆಲಸ ಕಲಿತವನು. ಮನೆತನದ ಜೀರ್ಣವಾದ ಮೌಲೂದ್ ಹಸ್ತಪ್ರತಿಯನ್ನು ಹೊಸದಾಗಿ ಬರೆದು ಅಲಂಕರಿಸಲು ಸಫಿಯಾಳ ಅಪ್ಪ ಬೀರಾನ್ ಬ್ಯಾರಿ ಅವನನ್ನು ಕರೆಸಿದ್ದರು. ಪ್ರವಾದಿಯವರ ಸ್ತುತಿಯ ಅರಬೀ ಸಾಲುಗಳನ್ನು ಅವನು ಬಿದಿರಿನ ಲೇಖನಿಯಲ್ಲಿ ಬರೆದ. ಅಂಚಿನ ಹೂಬಳ್ಳಿಗೆ ನೀಲಿ ಬಣ್ಣ ಅರೆದುಕೊಟ್ಟವಳು ಇವಳು. ಆಗೆಲ್ಲ ಬಾಗಿಲು ಹಾರು ಹೊಡೆದಿರುತ್ತಿತ್ತು, ಅಜ್ಜಿ ಆಯಿಶಮ್ಮ ಹೊಸ್ತಿಲಲ್ಲೇ ಎಲೆಯಡಿಕೆ ಜಗಿಯುತ್ತ ಕೂತಿರುತ್ತಿದ್ದರು. ಒಂದು ಮಾತೂ ಹೆಚ್ಚಾಡದೆ ಇಬ್ಬರೂ ಮನಸ್ಸು ಕೊಟ್ಟುಕೊಂಡಿದ್ದರು. ಹಾಗೆಂದು ಇವಳು ನಂಬಿದ್ದಳು, ಪಾಪ!

ಸೀದಾ ಅಡುಗೆಮನೆಗೆ ಹೋದವಳೇ ಲೋಟ ಕುಕ್ಕಿದಳು. ವಾರದ ಹಿಂದೆ ಸಂಬಂಧ ಕೇಳಿಸಿದ್ದ ಪಡುಬಿದ್ರಿಯ ದುಬೈ ಹುಡುಗನಿಗೆ ತನ್ನ ಒಪ್ಪಿಗೆ ಉಂಟೆಂದು ಅಮ್ಮ ಖತೀಜಾಗೆ ಹೇಳಿಬಿಟ್ಟಳು. ಖತೀಜಾ ಹಿಗ್ಗಿಹೋದರು. ಬೀರಾನ್ ಬ್ಯಾರಿ ಮಾತು ಕೊಟ್ಟು ಬರಲು ಶರಟು ತೊಟ್ಟು ಬಸ್ಸಿಗೆ ಹೊರಟೇಬಿಟ್ಟರು.

ಅಷ್ಟರಲ್ಲಿ ಚಿಲಕ ತೆಗೆದ ಸದ್ದು. ಲೊರ್ನಾ ಬೆವರಿ ಒದ್ದೆಯಾಗಿ ಹೊರಬಂದಳು. ಅವಳ ಬೆನ್ನಿಗೇ... ಅವಳ ಅಪ್ಪ ಕಜೆಟನ್!

ಪುಸ್ತಕಕ್ಕೆ ರಟ್ಟು ಕಟ್ಟುವ ಮುದುಕರು ಅವರು. ಸಫಿಯಾ ಅಡುಗೆಮನೆಯಲ್ಲಿ ಚಹಾ ಕಾಸುತ್ತಿದ್ದಾಗಲೇ ಬಂದು ಒಳಗೆ ಸೇರಿಕೊಂಡಿದ್ದರು. ಇವತ್ತು ಚಿನ್ನದ ರೇಕು ಹಚ್ಚುವ ಕೆಲಸವಂತೆ. ಗಾಳಿ ಹಾಗಿರಲಿ, ಒಬ್ಬರು ಜೋರಾಗಿ ಉಸಿರು ಬಿಟ್ಟರೂ ರೇಕು ಹಾರಿ ಮುದುಡಿಹೋಗುತ್ತದಂತೆ. ಹಾಗಾಗಿ ಬಾಗಿಲೂ ಬಂದ್, ತಮ್ಮ ಬಾಯಿಯೂ ಬಂದ್ ಎಂದು ಅವರು ನಕ್ಕರು.

ತಾನು ತಪ್ಪು ತಿಳಿದದ್ದು ಸಫಿಯಾಳಿಗೆ ಗೊತ್ತಾಯಿತು. ಆದರೂ ಹೊಟ್ಟೆಕಿಚ್ಚು ಸುಮ್ಮನಿರಬೇಕಲ್ಲ?

"ರೇಕು ಹಿಡಿಯಲಿಕ್ಕೆ ಅವಳೇ ಆಗಬೇಕಿತ್ತಾ? ನಾನು ಇರಲಿಲ್ವಾ?"

ಜಮಾಲುದ್ದೀನ್ ತಲೆ ತಗ್ಗಿಸಿದ.

"ನೀನು ಹತ್ತಿರ ಇದ್ದರೆ ನನ್ನ ಕೈ ನಡುಗುತ್ತದೆ, ಸಫಿಯಾ. ನೀಲಿಯಾದರೆ ತಿದ್ದಬಹುದು. ಚಿನ್ನವನ್ನು ತಿದ್ದಲಿಕ್ಕೆ ಆಗುವುದಿಲ್ಲ."

ಅಯ್ಯೋ ದೇವರೇ... ನಾನು ಎಂತ ಮಾಡಿಬಿಟ್ಟೆ! ಅವಳು ಅಳುತ್ತಲೇ ನಡೆದದ್ದೆಲ್ಲ ಹೇಳಿದಳು. ಜಮಾಲುದ್ದೀನ್ ಚಪ್ಪಲಿಯನ್ನೂ ಮೆಟ್ಟದೆ ಬಸ್ಸು ನಿಲ್ಲುವಲ್ಲಿಗೆ ಓಡಿದ.

ಪಡುಬಿದ್ರಿಯ ಬಸ್ಸು ಹಾರ್ನ್ ಹೊಡೆದು ಹೋದದ್ದು ಕೇಳಿಸಿತು. ಸಫಿಯಾ ಗೇಟಿನ ಕಂಬ ಹಿಡಿದು ನಿಂತೇ ಇದ್ದಳು. ಬಹಳ ಹೊತ್ತಿನ ಮೇಲೆ ಬೀರಾನ್ ಬ್ಯಾರಿ ಮುಖ ಬಿಗಿದುಕೊಂಡು ಬಂದರು. ಮಗಳ ಕಡೆ ನೋಡದೆ, ಇಬ್ಬರಿಗೆ ಚಹಾ ಮಾಡಲು ಹೆಂಡತಿಗೆ ಹೇಳಿ ಒಳಗೆ ಹೋದರು. ಹಿಂದೆ ಬರಿಗಾಲಿನ ಜಮಾಲುದ್ದೀನ್.

"ಅಪ್ಪನಿಗೆ ಎಂತ ಹೇಳಿದಿರಿ?"

"ನಿಮ್ಮ ಮಗಳು ನನಗೆ ಬೇಕು ಅಂದೆ. ಅವಳು ಒಪ್ಪಿದ್ದಾಳಾ ಅಂತ ಕೇಳಿದರು. ಕೇಳಿ ಹೇಳುತ್ತೇನೆ ಅಂದೆ."

"ಹಾಗಾದರೆ ಕೇಳಿ."

"ಒಪ್ಪಿಗೆ ಉಂಟಾ?"

"ಉಂಟು. ಆದರೆ ಇನ್ನು ಮುಂದೆ ರೇಕು ಹಿಡಿಯುವುದು ನಾನೇ."

"ನನ್ನ ಕೈ ನಡುಗುತ್ತದೆ ಅಂದೆನಲ್ಲ..."

ಸಫಿಯಾ ಕಣ್ಣೊರೆಸಿಕೊಂಡು ನಕ್ಕಳು.

"ನಡುಗಲಿ."