ಸಿಸ್ಟರ್ ಸುಟ್ಟು ಹೋಗಿದೆ!

"ಸಿಸ್ಟರ್! ಬ್ರೇಕ್... ಬ್ರೇಕ್!"

ಹೊರಗಿನಿಂದ ಯಾರೋ ಕೂಗಿದ್ದು ಕೇಳಿತೇ ಹೊರತು ಯಾರೆಂದು ಅವಳಿಗೆ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಮುಂದಿನ ಗಾಜಿನ ತುಂಬ ಮಂಜು. ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದರಲ್ಲಿ ಕರ್ಚೀಫು... ಒರೆಸಿದಷ್ಟೂ ಮತ್ತೆ ಮಸುಕು!

ಅವಳು ಬ್ರೇಕಿನ ಮೇಲೆ ನಿಂತೇಬಿಟ್ಟಳು. ಕಾರು ಕುಲುಕಿ ನಿಂತಿತು.

ಪಕ್ಕದ ಗಾಜು ಇಳಿಸಿ ನೋಡಿದರೆ, ಬಂಪರಿನಿಂದ ಒಂದು ಗೇಣು ದೂರದಲ್ಲಿ ಒಬ್ಬ ಸ್ಟೂಲಿನ ಮೇಲೆ ಕೂತಿದ್ದ. ತೊಡೆಯ ಮೇಲೆ ಬಿಚ್ಚಿಟ್ಟ ಕಾರಿನ ಹಾರ್ನ್. ಕಿವಿಯ ಹಿಂದೆ, ಬಡಗಿ ಪೆನ್ಸಿಲ್ ಸಿಕ್ಕಿಸಿಕೊಂಡ ಹಾಗೆ, ಒಂದು ಟೆಸ್ಟ್‌ಲ್ಯಾಂಪು. ವೈರಿನಲ್ಲಿ ಕರೆಂಟು ಬರುತ್ತಿದೆಯೋ ಇಲ್ಲವೋ ತೋರಿಸುವ ಪುಟ್ಟ ದೀಪ ಅದು. ಆ ಬೀದಿಯವರು ಅವನನ್ನೂ ಟೆಸ್ಟ್‌ಲ್ಯಾಂಪ್ ಎಂದೇ ಕರೆಯುತ್ತಿದ್ದರು.

"ನನ್ನ ಮೇಲೆ ಕಾರು ಹತ್ತಿಸಿ, ಆಮೇಲೆ ನೀವೇ ಬ್ಯಾಂಡೇಜ್ ಕಟ್ಟೋ ಪ್ಲಾನಾ ಸಿಸ್ಟರ್?" ಅವಳ ಬಿಳಿ ಯೂನಿಫಾರ್ಮ್ ನೋಡಿ ಅವನು ನಕ್ಕ.

"ರಸ್ತೇಲಿ ಕೂತು ಕೆಲಸ ಮಾಡೋರಿಗೆ ಬ್ಯಾಂಡೇಜ್ ಸಾಲಲ್ಲ!"

"ಇದು ರಸ್ತೆ ಅಲ್ಲ, ನನ್ನ ಶೆಡ್ಡು. ನೀವೇ ಒಳಗೆ ಬಂದಿರೋದು."

ಅವಳು ಸುತ್ತ ನೋಡಿದಳು. ಗೋಡೆಯ ಮೇಲೆ ವೈರಿನ ಸುರುಳಿಗಳು, ಮೂಲೆಯಲ್ಲಿ ಬ್ಯಾಟರಿಗಳ ಸಾಲು... ಹೌದು, ಶೆಡ್ಡೇ. ಅಯ್ಯೋ!

"ಗಾಜಿಗೆ ಬಿಸಿಗಾಳಿ ಊದೋ ಬ್ಲೋವರ್ ಓಡ್ತಿಲ್ಲ ಅಲ್ವಾ?" ಎಂದ ಅವನು.

ಅವಳ ಕಿವಿ ನೆಟ್ಟಗಾಯಿತು. "ನಾನು ಹೇಳೇ ಇಲ್ಲ. ನಿಮಗೆ ಹೇಗೆ ಗೊತ್ತು?"

"ಇಂಥ ಚಳೀಲಿ ಹೀಟರ್ ಬಿಟ್ಟು ಕರ್ಚೀಫು ನಂಬ್ಕೊಂಡು ಬರ್ತಿದ್ದೀರಲ್ಲ, ಅದಕ್ಕೆ."

ಉತ್ತರ ಸರಿಯಾಗಿಯೇ ಇತ್ತು. ಸರಿಯಾದ ಉತ್ತರ ತಕ್ಷಣ ಕೊಡುವವರನ್ನು ಕಂಡರೆ ಅವಳಿಗೆ ಇನ್ನೂ ಅನುಮಾನ!

ಅದಕ್ಕೆ ಕಾರಣವೂ ಇತ್ತು. ಎರಡು ವರ್ಷದ ಹಿಂದೆ ಅವಳಿಗೆ ಮದುವೆ ಗೊತ್ತಾಗಿತ್ತು. ಹುಡುಗ ಎದುರಿಗೆ ಬಂದರೆ ಜೇನು ಸುರಿಯುವ ಮಾತು. ಒಂದು ಸಂಜೆ ಅವನ ಮನೆಯ ಮೆಟ್ಟಿಲು ಹತ್ತುವಾಗ, ಅವನು ಫೋನಿನಲ್ಲಿ ಗೆಳೆಯನಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. "ಅದಾ? ಅದು ಹೇಳಿದ ಹಾಗೆ ಕೇಳುತ್ತೆ ಬಿಡೋ."

ಅದು! ಅವಳು, ಇವಳು ಎಂದು ಸಹ ಅಲ್ಲ... ಅದು!

ಹತ್ತಿದ ಮೆಟ್ಟಿಲನ್ನು ಹಾಗೇ ಇಳಿದು ಬಂದಿದ್ದಳು. ಅಂದಿನಿಂದ ಅವಳದೊಂದು ಕಾನೂನು. ಎದುರಿಗೆ ಆಡುವ ಮಾತು ನಂಬಬಾರದು, ಫೋನಿನಲ್ಲಿ ಆಡುವ ಮಾತೇ ಮನುಷ್ಯನ ನಿಜವಾದ ಮಾತು.

ಆದರೆ ಈಗ ಬೇರೆ ದಾರಿ ಇರಲಿಲ್ಲ. ಆಸ್ಪತ್ರೆಯ ಕಡೆಯಿಂದ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಅವಳು. ಮೊದಲ ಇಂಜೆಕ್ಷನ್ ಏಳೂವರೆಗೆ.

"ನೋಡಿ ಹೇಳಿ. ಆದ್ರೆ ನನ್ನ ಕಣ್ಣೆದುರೇ ಬಿಚ್ಚಬೇಕು."

"ಹಂಗೇ ಆಗ್ಲಿ ಸಿಸ್ಟರ್. ಟಾರ್ಚ್ ಹಿಡ್ಕೊಳ್ಳಿ."

ಅವನು ಮೊದಲು ಫ್ಯೂಸ್ ತೆಗೆದು ಅವಳಿಗೇ ತೋರಿಸಿದ. ಒಳಗಿನ ತಂತಿ ಗಟ್ಟಿಯಾಗಿತ್ತು. ರಿಲೇ ಬದಲಿಸಿ ನೋಡಿದ. ಊಹೂಂ. ಡ್ಯಾಶ್‌ಬೋರ್ಡಿನ ಖಾನೆ ಕಳಚಿ, ತಲೆ ಕೆಳಗೆ ಮಾಡಿ ಒಳಗೆ ತೂರಿಕೊಂಡು, ಮೋಟರಿನ ವೈರಿಗೆ ಟೆಸ್ಟ್‌ಲ್ಯಾಂಪ್ ತಾಗಿಸಿದ. ದೀಪ ಹತ್ತಿತು!

"ಕರೆಂಟ್ ಬಾಗಿಲ ತನಕ ಬಂದಿದೆ. ಒಳಗಿರೋ ಮೋಟರ್ರೇ ಏಳ್ತಿಲ್ಲ."

ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟರನ್ನು ಎರಡು ಸಲ ತಟ್ಟಿದ. ಟಕ್... ಟಕ್...

ಗುಂಯ್ ಎಂದು ಗಾಳಿ ಬಂತು. ಗಾಜಿನ ಮೇಲಿನ ಮಂಜು ಕೆಳಗಿನಿಂದ ಮೆಲ್ಲಗೆ ಕರಗತೊಡಗಿತು.

"ಇದು ರಿಪೇರಿ ಅಲ್ಲ ಸಿಸ್ಟರ್, ಎಬ್ಬಿಸಿದ್ದು ಅಷ್ಟೇ. ಒಳಗೆ ಕರೆಂಟ್ ದಾಟಿಸೋ ಕಾರ್ಬನ್ ತುಂಡು ತೇದು ಹೋಗಿದೆ. ಮತ್ತೆ ಮಲಗುತ್ತೆ, ಆಗ ಬನ್ನಿ."

'ತಟ್ಟಿದರೆ ಓಡುವುದಂತೆ! ಮತ್ತೆ ಬರಬೇಕಂತೆ! ಯಾರ ಕಿವಿಗೆ ಹೂವು ಇಡುತ್ತಿದ್ದಾನೆ ಇವನು?' ಎಂದುಕೊಂಡೇ ಅವಳು ಹೊರಟಳು.

ನಾಲ್ಕನೇ ದಿನ ಬ್ಲೋವರ್ ಮಲಗಿತು.

ಅವಳು ಮತ್ತೆ ಬಂದಳು. ಸಿಟ್ಟು ಮೂಗಿನ ತುದಿಯಲ್ಲಿತ್ತು. ಅವನು ಮೋಟರ್ ಹೊರತೆಗೆದು, ತೇದು ಉಗುರಿನಷ್ಟಾಗಿದ್ದ ಕಾರ್ಬನ್ ತುಂಡನ್ನು ಅವಳ ಅಂಗೈಯಲ್ಲಿಟ್ಟು, ಪಕ್ಕದಲ್ಲಿ ಹೊಸದನ್ನಿಟ್ಟ. ಬಿಚ್ಚಿದ ಸ್ಕ್ರೂಗಳನ್ನು ಡಬ್ಬಿಯ ಮುಚ್ಚಳದಲ್ಲಿ ಸಾಲಾಗಿ ಜೋಡಿಸಿದ. ಒಂದಾದರೂ ಉಳಿದೀತೇ ಎಂದು ಅವಳು ಕಾದಳು. ಉಳಿಯಲಿಲ್ಲ.

ಎರಡು ಗಂಟೆ ಹಿಡಿಯಿತು. ಹಾಸಿಗೆ ಹಿಡಿದ ಮುದುಕರ ಜೊತೆ ಅಷ್ಟು ಹೊತ್ತು ಏನು ಮಾತಾಡುತ್ತೀರಿ ಎಂದು ಅವನು ಕೇಳಿದ. ಅವಳು ಹೇಳುತ್ತಾ ಹೋದಳು. ಅವನು ಕೇಳುತ್ತಾ ಹೋದ. ಟಾರ್ಚ್ ಹಿಡಿದಿದ್ದ ಅವಳ ಕೈಯನ್ನು ಸ್ವಲ್ಪ ಎಡಕ್ಕೆ ಸರಿಸುವಾಗ ಅವನ ಬೆರಳು ತಾಗಿತು... ಅವಳ ಎದೆ ಸುಮ್ಮನಿರಲಿಲ್ಲ!

ಆಗ ಇನ್ನೊಂದು ವಿಷಯ ಅವಳ ಗಮನಕ್ಕೆ ಬಂತು. ಇಷ್ಟು ಹೊತ್ತಿನಲ್ಲಿ ಅವನು ಒಮ್ಮೆಯೂ 'ಸಿಸ್ಟರ್' ಅನ್ನಲಿಲ್ಲ. ಕರೆಯಬೇಕಾದಾಗ "ನೋಡಿ" ಅಂದ, "ಒಂದ್ನಿಮಿಷ" ಅಂದ, ಒಮ್ಮೆಯಂತೂ ಬರೀ ಕೆಮ್ಮಿದ.

'ಮೊದಲ ದಿನ ಮಾತಿಗೊಂದು ಸಿಸ್ಟರ್. ಈಗೇನಾಯಿತು? ಏನೋ ಇದೆ...'

ಹೊರಡುವಾಗ ಅವನು ಹೇಳಿದ. "ಇಷ್ಟು ದಿನ ಈ ಮೋಟರ್ ಒದ್ದಾಡ್ಕೊಂಡು ಓಡಿದೆ, ಜಾಸ್ತಿ ಕರೆಂಟ್ ಎಳೆದಿದೆ. ಅದರ ಏಟು ಬೇರೆ ಕಡೆ ಬಿದ್ದಿದ್ರೂ ಬಿದ್ದಿರಬಹುದು. ಏನಾದ್ರೂ ಆದ್ರೆ ಬನ್ನಿ."

ಅನುಮಾನಕ್ಕೆ ಇನ್ನೇನು ಬೇಕು? ಮುಂದಿನ ರಿಪೇರಿಗೆ ಈಗಲೇ ಪೀಠಿಕೆ!

ಆ ಸಂಜೆ ಅಕ್ಕ ಫೋನ್ ಮಾಡಿದಳು. ಅಕ್ಕನ ಊರಿನ ಆಸ್ಪತ್ರೆಯಲ್ಲಿ ಅವಳಿಗೊಂದು ಜಾಗ ಖಾಲಿ ಇತ್ತು. ವರ್ಗಾವಣೆಗೆ ಒಪ್ಪಿಗೆ ಪತ್ರವನ್ನು ಶನಿವಾರ ಹತ್ತು ಗಂಟೆಯೊಳಗೆ ಮೇಟ್ರನ್ ಕೈಗೆ ಕೊಡಬೇಕಿತ್ತು.

"ಬಂದ್ಬಿಡೇ. ಅಲ್ಲಿ ಯಾರಿದ್ದಾರೆ ನಿನಗೆ?"

ಯಾರೂ ಇಲ್ಲ ಅನ್ನಲು ಬಾಯಿ ತೆರೆದಳು. ಬರೀ ಕೆಮ್ಮಿದಳು.

"ಏನೇ, ಗಂಟಲು ಕಟ್ಟಿದೆಯಾ? ಅಥವಾ ಯಾರಾದ್ರೂ ಇದ್ದಾರಾ?"

"ಸುಮ್ನಿರೇ ಅಕ್ಕಾ! ನನಗೇ ಗೊತ್ತಿಲ್ಲ..."

ನಿಜವಾಗಿಯೂ ಗೊತ್ತಿರಲಿಲ್ಲ. ಅವನು ಒಳ್ಳೆಯವನೋ, ಒಳ್ಳೆಯವನ ಹಾಗೆ ನಟಿಸುವವನೋ? ಅದೊಂದು ತಿಳಿದರೆ ಸಾಕಿತ್ತು. ಇಲ್ಲಿ ಉಳಿಯುವುದೋ, ಹೊರಡುವುದೋ ಅದರ ಮೇಲೆಯೇ ನಿಂತಿತ್ತು.

ಶುಕ್ರವಾರ ಬೆಳಿಗ್ಗೆ ಬ್ಲೋವರ್ ಹೊಸ ಆಟ ಹೂಡಿತು. ಗುಂಡಿ ಒಂದಕ್ಕೆ ಹಾಕಿದರೆ ಉಸಿರಿಲ್ಲ. ಎರಡಕ್ಕೂ ಇಲ್ಲ, ಮೂರಕ್ಕೂ ಇಲ್ಲ. ನಾಲ್ಕಕ್ಕೆ ತಿರುಗಿಸಿದ ಕೂಡಲೇ ಕಿವಿ ಹರಿಯುವಂತೆ ಕಿರುಚಾಟ!

ಡ್ಯೂಟಿ ಮುಗಿಸಿ ಶೆಡ್ಡಿಗೆ ಹೋದಳು. ಅವನು ಖಾನೆ ಕಳಚಿ, ಒಳಗೆ ನೋಡಿ, "ಅಂದುಕೊಂಡಿದ್ದೆ. ಕೂತಿರಿ, ಬಂದೆ" ಎಂದು ಬ್ಯಾಟರಿ ಕೋಣೆಗೆ ಹೋದ. ಐದು ನಿಮಿಷವಾಯಿತು. ನೀರು ಕೇಳೋಣವೆಂದು ಅವಳು ಬಾಗಿಲ ಬಳಿ ಹೋದಳು.

ಅವನು ಫೋನಿನಲ್ಲಿದ್ದ. ಬೆನ್ನು ಇತ್ತ.

"ಹೂಂ ಯಜಮಾನ್ರೇ, ಸಿಸ್ಟರ್ ವಿಷಯಾನೇ... ಸುಮ್ನಿದ್ರೆ ಪೂರ್ತಿ ಸುಮ್ನೆ, ಶುರು ಮಾಡಿದ್ರೆ ಬರೀ ಕಿರುಚಾಟ. ನಡುವೆ ಏನೂ ಇಲ್ಲ. ಒಳಗೆಲ್ಲ ಸುಟ್ಟು ಹೋಗಿದೆ ಅದು..."

ಅವಳು ಬಾಗಿಲ ಪಕ್ಕಕ್ಕೆ ಸರಿದಳು.

"ಇನ್ನು ಅದನ್ನ ಇಟ್ಕೊಂಡು ಏನು ಮಾಡ್ಲಿ? ಕಿತ್ತು ಬಿಸಾಕ್ತೀನಿ. ನೀವು ಹೊಸದೊಂದು ನೋಡಿ ಇಡಿ, ನಾಳೆ ಬಂದು ನೋಡ್ತೀನಿ."

ಅದು! ಮತ್ತೆ ಅದೇ 'ಅದು'! ಒಳಗೆಲ್ಲ ಸುಟ್ಟು ಹೋಗಿದೆಯಂತೆ, ಕಿತ್ತು ಬಿಸಾಕುತ್ತಾನಂತೆ, ನಾಳೆ ಹೊಸದನ್ನು ನೋಡಲು ಹೋಗುತ್ತಾನಂತೆ!

ಅವಳ ಕಣ್ಣು ತುಂಬಿ ಬಂತು. ಅವನು ತಿರುಗುವಷ್ಟರಲ್ಲಿ ಕಾರಿನ ಹತ್ತಿರ ಬಂದಿದ್ದಳು.

"ಕೀ ಕೊಡಿ."

"ಇನ್ನೂ ಆಗಿಲ್ಲ. ನಾಳೆ..."

"ನನಗೆ ನಿಮ್ಮ ನಾಳೆ ಬೇಡ! ಕೀ ಕೊಡಿ ಅಂದೆ!"

"ಏನಾಯ್ತು? ನಾನೇನಾದ್ರೂ..."

"ಎಲ್ಲಾ ಕೇಳಿಸ್ಕೊಂಡೆ. ಇನ್ನು ನಿಮ್ಮ ಮುಖ ನೋಡೋಕೂ ನನಗಿಷ್ಟ ಇಲ್ಲ."

ಡ್ಯಾಶ್‌ಬೋರ್ಡಿನ ಖಾನೆ ಕಳಚಿಟ್ಟ ಸ್ಥಿತಿಯಲ್ಲೇ ಕಾರು ಹೊರಟಿತು. ಅವನು ಸ್ಕ್ರೂ ಡಬ್ಬಿಯ ಮುಚ್ಚಳ ಹಿಡಿದುಕೊಂಡು ದಿಕ್ಕು ತೋಚದೆ ನಿಂತಿದ್ದ. ಅವಳು ತಿರುಗಿ ನೋಡಲಿಲ್ಲ. ಮನೆಗೆ ಬಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು, ಒತ್ತಿ ಒತ್ತಿ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ವಾಹನಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿದ್ದಳು. ಹೊಸ ಊರಿಗೆ ಅಷ್ಟು ದೂರ ಕಾರು ಓಡಿಸಬೇಕು. ಸಾಮಾನು ತಾನೇ ಕೊಂಡು ಬೇರೆ ಯಾರ ಕೈಲಾದರೂ ಹಾಕಿಸಿದರಾಯಿತು, ಆ ಮುಖ ನೋಡುವುದೇ ಬೇಡ.

ಗಲ್ಲಾಪೆಟ್ಟಿಗೆಯ ಹಿಂದೆ ದಪ್ಪ ಕನ್ನಡಕದ ಯಜಮಾನರು ಕೂತಿದ್ದರು.

"ಕಾರಿನ ಬ್ಲೋವರ್ ಮೂರರ ತನಕ ಓಡಲ್ಲ, ನಾಲ್ಕಕ್ಕೆ ಮಾತ್ರ ಓಡುತ್ತೆ. ಏನು ಹಾಕ್ಬೇಕು?"

ಯಜಮಾನರು ತಲೆ ಕೂಡ ಎತ್ತಲಿಲ್ಲ. "ಸಿಸ್ಟರ್ ಹೋಗಿದೆ."

ಅವಳಿಗೆ ರೇಗಿತು. "ಎಲ್ಲಿಗೂ ಹೋಗಿಲ್ಲ! ಸಿಸ್ಟರ್ ಇಲ್ಲೇ ನಿಂತಿದ್ದಾಳೆ!"

ಈಗ ಅವರು ತಲೆ ಎತ್ತಿದರು. ಯೂನಿಫಾರ್ಮ್ ನೋಡಿದರು. ಹೊಟ್ಟೆ ಕುಣಿಯುವಂತೆ ನಗತೊಡಗಿದರು.

"ಅಯ್ಯೋ ತಾಯಿ, ನಿಮ್ಮನ್ನಲ್ಲಮ್ಮ! ಈ ಸಿಸ್ಟರ್." ಹೊರಗೆ ನಿಂತ ಅವಳ ಕಾರು ನೋಡಿ, ಕಪಾಟಿನಿಂದ ಒಂದು ಪುಟ್ಟ ಡಬ್ಬಿ ತೆಗೆದು ಮುಂದಿಟ್ಟರು. "ಬ್ಲೋವರಿಗೆ ಒಂದು, ಎರಡು, ಮೂರು ಅಂತ ಗಾಳಿ ಕಡಿಮೆ ಮಾಡಿ ಕೊಡೋದು ಇದು. ಇದು ಸುಟ್ರೆ ನಾಲ್ಕು ಒಂದೇ ಓಡೋದು. ಮೂವತ್ತು ವರ್ಷದಿಂದ ನಮ್ಮ ಅಂಗಡೀಲಿ ಇದಕ್ಕೆ ಸಿಸ್ಟರ್ ಅಂತಲೇ ಹೆಸರು."

ಅವಳು ಡಬ್ಬಿಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ರಿ... ಸಿ... ಸ್ಟರ್. ನಂಬಿಕೆಯಾಗದೆ ಇನ್ನೊಮ್ಮೆ ಓದಿದಳು. ರಿಸಿಸ್ಟರ್!

"ಇದೇ ಮಾಡೆಲ್‌ಗೆ ಟೆಸ್ಟ್‌ಲ್ಯಾಂಪ್ ನಿನ್ನೆಯೇ ಹೇಳಿಟ್ಟಿದ್ದಾನೆ. ಒಂದು ಸಲ ಅಲ್ಲ, ರಾತ್ರಿಯೊಳಗೆ ನಾಲ್ಕು ಸಲ ಫೋನು! 'ಯಜಮಾನ್ರೇ, ಮರೀಬೇಡಿ, ಅವರು ಏಳೂವರೆಗೆ ಇಂಜೆಕ್ಷನ್ ಕೊಡೋಕೆ ಹೋಗ್ಬೇಕು, ಗಾಜು ಕಾಣದೆ ಎಲ್ಲಾದ್ರೂ ಗುದ್ಕೊಂಡ್ರೆ ಏನು ಗತಿ' ಅಂತ. ಯಾರಮ್ಮ ಅವರು, ನಿಮಗೆ ಗೊತ್ತಾ?"

ಅವಳು ದುಡ್ಡು ಎಣಿಸಿಟ್ಟು ಡಬ್ಬಿ ಎತ್ತಿಕೊಂಡಳು. ಇದೂ ಫೋನಿನಲ್ಲಿ ಆಡಿದ ಮಾತೇ. ಅವಳು ಕೇಳಬಹುದೆಂದು ಗೊತ್ತಿಲ್ಲದೆ ಆಡಿದ ಮಾತು!

'ಅದು' ಅಂದದ್ದು ಸುಟ್ಟ ಸಾಮಾನಿಗೆ. ಅವಳಿಗಲ್ಲ. ಅವಳಿಗೆ ಅವನು 'ಅವರು' ಅಂದಿದ್ದ.

ಶೆಡ್ಡಿನಲ್ಲಿ ಅವನು ಯಾವುದೋ ಹೆಡ್‌ಲೈಟ್ ಬಿಚ್ಚುತ್ತಿದ್ದ. ಕಾರು ನಿಂತ ಸದ್ದಿಗೆ ತಲೆಯೆತ್ತಿ, ಅವಳನ್ನು ನೋಡಿ, ಮತ್ತೆ ತಲೆ ತಗ್ಗಿಸಿದ.

"ಖಾನೆಯ ಸ್ಕ್ರೂ ಬಿಟ್ಟು ಹೋಗಿದ್ರಿ. ಮೇಜಿನ ಮೇಲಿದೆ, ತಗೊಳ್ಳಿ."

ಅವಳು ಡಬ್ಬಿಯನ್ನು ಅವನೆದುರು ಹಿಡಿದಳು. "ಇದರ ಹೆಸರೇನು?"

"ಸಿಸ್ಟ..." ಎಂದವನು ಅಲ್ಲಿಗೇ ನಿಂತ. ಅವಳ ಮುಖ ನೋಡಿದ. ಡಬ್ಬಿ ನೋಡಿದ. ನಿನ್ನೆಯ ಫೋನಿನ ಮಾತು ಒಂದೊಂದಾಗಿ ನೆನಪಾಗಿ ಅವನ ಕಣ್ಣು ಅಗಲವಾಯಿತು. "ಅಯ್ಯಯ್ಯೋ... ಕಿತ್ತು ಬಿಸಾಕ್ತೀನಿ ಅಂದದ್ದು... ನಿಮ್ಮನ್ನ ಅಂದ್ಕೊಂಡ್ರಾ?"

"ಮತ್ತೇನು ಅಂದ್ಕೊಳ್ಳಲಿ? ರಾತ್ರಿ ಎಲ್ಲಾ ಅತ್ತೆ, ಗೊತ್ತಾ?"

ಅವನಿಗೆ ನಗು ಬಂದಿತ್ತು, ಆ ಮಾತಿಗೆ ನಗು ಹಾರಿಹೋಯಿತು. "ಅತ್ರಾ? ನನ್ನ ಮಾತಿಗೆ ಯಾಕೆ ಅಳ್ಬೇಕು ನೀವು?"

ಅವಳು ತುಟಿ ಕಚ್ಚಿಕೊಂಡಳು. "ಮೊದಲು ಹಾಕಿ."

ಅವನು ಕೆಳಗೆ ತೂರಿಕೊಂಡು ಸುಟ್ಟದ್ದನ್ನು ತೆಗೆದ, ಹೊಸದನ್ನು ಕೂರಿಸಿದ. ಅವಳು ಸ್ಟೀರಿಂಗ್ ಮುಂದೆ ಕೂತು ಗುಂಡಿ ತಿರುಗಿಸಿದಳು. ಒಂದು... ಮೆಲ್ಲನೆಯ ಗಾಳಿ. ಎರಡು... ಮೂರು... ಎಲ್ಲವೂ ಸರಿಯಾಗಿದ್ದವು.

"ಆಯ್ತು. ಇನ್ನು ತೊಂದರೆ ಕೊಡಲ್ಲ," ಎಂದ. ಕಾಲು ಹೊರಗಿಟ್ಟುಕೊಂಡು ಪಕ್ಕದ ಸೀಟಿನ ಅಂಚಿನಲ್ಲಿ ಕೂತಿದ್ದ. "ಇನ್ನು ಬರೋ ಕಾರಣಾನೂ ಇಲ್ಲ ನಿಮಗೆ."

"ನಾನು ಈ ಊರೇ ಬಿಡಬೇಕು ಅಂತಿದ್ದೀನಿ. ಇನ್ನು ಕಾಲು ಗಂಟೇಲಿ ಈ ಪತ್ರ ಕೊಡಬೇಕು." ಚೀಲದಿಂದ ಪತ್ರ ತೆಗೆದಳು. "ಕೊಡೋ ಮುಂಚೆ ಒಂದು ಕೇಳ್ತೀನಿ, ಸುಳ್ಳು ಹೇಳಬಾರದು. ನನ್ನನ್ನ ಸಿಸ್ಟರ್ ಅನ್ನೋದು ಯಾಕೆ ಬಿಟ್ರಿ?"

ಅವನು ಕೈಯಲ್ಲಿದ್ದ ಸುಟ್ಟ ಸಾಮಾನನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟ.

"ಬಾಯಿ ಬರಲಿಲ್ಲ. ಮನಸ್ಸಲ್ಲಿ ಒಂದು ಇಟ್ಕೊಂಡು, ಬಾಯಲ್ಲಿ ಸಿಸ್ಟರ್ ಅಂದ್ರೆ ನಿಮಗೆ ಮೋಸ ಮಾಡಿದ ಹಾಗಲ್ವಾ? ಬೇರೆ ಏನಾದ್ರೂ ಕರೆಯೋಕೆ ಧೈರ್ಯ ಇರಲಿಲ್ಲ. ಅದಕ್ಕೇ ಕೆಮ್ತಾ ಇದ್ದೆ... ಹೋಗಬೇಡಿ. ನೀವಂದ್ರೆ ನನಗೆ ತುಂಬ ಇಷ್ಟ."

ಇಷ್ಟು ದಿನ ಅವಳು ಪ್ರತಿ ಮಾತಿನ ಹಿಂದೆಯೂ ಇನ್ನೊಂದು ಮಾತು ಹುಡುಕಿದ್ದಳು. ಈ ಮಾತಿನ ಹಿಂದೆ ಹುಡುಕಲು ಹೋಗಲಿಲ್ಲ. ಪತ್ರವನ್ನು ಎರಡಾಗಿ ಹರಿದಳು, ನಾಲ್ಕಾಗಿ ಹರಿದಳು.

"ರಿಸಿಸ್ಟರ್‌ನಲ್ಲಿ ಸಿಸ್ಟರ್ ತೆಗೆದುಬಿಟ್ರೆ ಏನು ಉಳಿಯುತ್ತೆ?" ಎಂದಳು, ಕಣ್ಣೊರೆಸಿಕೊಳ್ಳುತ್ತಾ.

"ಬರೀ... ರಿ."

"ಸ್ವಲ್ಪ ಎಳೆದು ಹೇಳಿ."

"ರೀ..."

"ಹೂಂ. ಆದ್ರೆ ಅದು ನೀವು ಕರೆಯೋದಲ್ಲ. ನಾನು ಕರೆಯೋದು."

ಅರ್ಥವಾಗಲು ಅವನಿಗೆ ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಕಿವಿಯವರೆಗೂ ಕೆಂಪಾದ.

"ಒಂದ್ಸಲ... ಕರೀತೀರಾ?"

ಅವಳು ರಸ್ತೆಯ ಕಡೆ ನೋಡುತ್ತಲೇ, ನಗು ತಡೆದುಕೊಂಡು ಕರೆದಳು.

"ರೀ... ಒಳಗೆ ಬಂದು ಬಾಗಿಲು ಹಾಕ್ಕೊಳ್ಳಿ. ಬೆಚ್ಚನೆ ಗಾಳಿ ಎಲ್ಲಾ ಹೊರಗೆ ಹೋಗ್ತಿದೆ!"