ಕೊಕ್ಕರೆ ವಾಂತಿ ಮಾಡಲಿಲ್ಲ

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ಲ್ಯಾಬಿನ ಇತಿಹಾಸದಲ್ಲೇ ಅತಿ ಗಂಭೀರವಾದ ಸಂಗತಿಯೊಂದು ಬೆಳಕಿಗೆ ಬಂತು: ಕೊಕ್ಕರೆ ವಾಂತಿ ಮಾಡಿರಲಿಲ್ಲ.

ಕೊಕ್ಕರೆ ಎಂದರೆ ಅಲ್ಲಿನ ಯಂತ್ರಗಳನ್ನು ರಿಪೇರಿ ಮಾಡುವ ಇಂಜಿನಿಯರ್. ಉದ್ದ ಕಾಲು, ಬಗ್ಗಿದ ಕತ್ತು, ಹೆಸರಿಟ್ಟವರದೇನೂ ತಪ್ಪಿಲ್ಲ. ಹಿಂದಿನ ಶುಕ್ರವಾರ ಅವನ ಹುಟ್ಟುಹಬ್ಬಕ್ಕೆ ಸಂಶೋಧಕಿ ಕೇಕ್ ಮಾಡಿ ತಂದಿದ್ದಳು. ಅವನಿಗೆ ಹಿಡಿಸಿದರೆ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುವುದೆಂದು ತೀರ್ಮಾನವಾಗಿತ್ತು. ಅವನು ನಾಚಿಕೊಂಡು ತನ್ನ ತುಂಡನ್ನು ಡಬ್ಬಿಯಲ್ಲಿ ಮನೆಗೊಯ್ದ. ಶನಿವಾರ, ಅವಳೂ ಸೇರಿ, ಕೇಕ್ ತಿಂದ ಏಳು ಜನ ವಾಂತಿಭೇದಿಯಿಂದ ಹಾಸಿಗೆ ಹಿಡಿದರು.

“ತಿಂದಿದ್ರೆ ಅವನೂ ಮಲಗ್ತಿದ್ದ ಕಣೇ,” ಎಂದು ಮನೆಯಲ್ಲಿ ಅಕ್ಕ ತೀರ್ಪು ಕೊಟ್ಟಳು. “ನಿನ್ನ ಕೇಕು ಕಸದ ಬುಟ್ಟಿ ಸೇರಿದೆ.”

ಮರುದಿನ ಅವನು ಯಂತ್ರ ಬಿಚ್ಚಿ ಕೂತಿದ್ದಾಗ ಅವಳು ಅವನನ್ನು ಬಿಟ್ಟು ಪ್ರತಿಯೊಂದು ಸ್ಕ್ರೂವನ್ನೂ ನೋಡಿದಳು.

“ಮೆಷಿನ್ ಸರಿಹೋಯ್ತು ಮೇಡಂ. ನೀವು?”

ಅವಳು ಕೇಳಿಯೇಬಿಟ್ಟಳು. ತಿಂದೆ ಎಂದ. ತಿಂದವರೆಲ್ಲ ಮಲಗಿದ್ದರಲ್ಲ ಎಂದಳು.

ಒಂದೇ ವೈರಸ್ಸು ಒಬ್ಬರನ್ನು ಕೆಡವಿ ಇನ್ನೊಬ್ಬರನ್ನು ಬಿಡುವುದೇಕೆ ಎಂದು ಐದು ವರ್ಷದಿಂದ ಓದುತ್ತಿದ್ದವಳು ಇವಳೇ. ಈ ಏಳು ಜನರ ಹೊಟ್ಟೆ ಕೆಡಿಸಿದ್ದೂ ಅದೇ ವೈರಸ್ಸು. ಅದಕ್ಕೆ ಕರುಳಿನಲ್ಲಿ ಹಿಡಿದುಕೊಳ್ಳಲು ಒಂದು ಬಗೆಯ ಸಕ್ಕರೆ ಅಣು ಬೇಕು. ಅಪ್ಪನಿಂದ ಬಂದದ್ದು, ಅಮ್ಮನಿಂದ ಬಂದದ್ದು, ಎರಡೂ ಜೀನ್ ಕೆಟ್ಟಿದ್ದರೆ ಆ ಅಣು ಅಲ್ಲಿರುವುದಿಲ್ಲ. ಆಗ ವೈರಸ್ಸಿನ ಹೆಚ್ಚಿನ ತಳಿಗಳು ಬಂದ ದಾರಿಗೆ ಸುಂಕವಿಲ್ಲದೆ ಹೋಗುತ್ತವೆ. ಈ ವಿದ್ಯೆಯೆಲ್ಲ ತನಗೆ ಇಷ್ಟವಾದ ಗಂಡಸಿಗೂ ಅನ್ವಯಿಸಬಹುದೆಂದು ಅವಳಿಗೆ ಹೊಳೆದಿರಲಿಲ್ಲ.

“ನಿಮ್ಮ ಭಾಷಣಕ್ಕೆ ಪ್ರೊಜೆಕ್ಟರ್ ಹಾಕಿದ್ದು ನಾನೇ,” ಎಂದ ಕೊಕ್ಕರೆ. “ಪೂರ್ತಿ ಕೇಳಿದ್ದೆ. ನನ್ನದೂ ಪರೀಕ್ಷೆ ಮಾಡಿ ನೋಡಿ.” ಕೊಳವೆಗೆ ವಿಧೇಯನಾಗಿ ಉಗುಳಿ ಕೊಟ್ಟ.

ಸೋಮವಾರ ಫಲಿತಾಂಶ ಬಂತು.

“ಎರಡೂ ಕೆಟ್ಟಿವೆ,” ಎಂದಳು. ಯಾರ ಆರೋಗ್ಯದ ವರದಿಯನ್ನೂ ಇಷ್ಟು ಸಂತೋಷದಿಂದ ಆ ಕಟ್ಟಡದಲ್ಲಿ ಯಾರೂ ಓದಿರಲಿಲ್ಲ.

ಆದರೆ ಅವಳು ಕದಲಲಿಲ್ಲ. ತಿಂದಿದ್ದರೂ ಅವನಿಗೆ ಏನೂ ಆಗುತ್ತಿರಲಿಲ್ಲ ಎಂಬುದಕ್ಕೆ ಇದು ಪುರಾವೆ, ತಿಂದಿದ್ದಾನೆ ಎಂಬುದಕ್ಕಲ್ಲ.

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. “ನನ್ನ ತುಂಡಿನ ಅಡಿಯಲ್ಲಿ ಒಂಬತ್ತು ಬಾದಾಮಿ ಇದ್ವು. ಬೇರೆ ಯಾರ ತುಂಡಲ್ಲೂ ಒಂದೂ ಇರ್ಲಿಲ್ವಂತೆ. ಎಲ್ಲರನ್ನೂ ಕೇಳ್ದೆ.”

ಆ ಒಂಬತ್ತನ್ನೂ ಅವನ ತುಂಡಿನಡಿ ಅಡಗಿಸಿಟ್ಟವಳು ಅವಳೇ; ತಿನ್ನದವನಿಗೆ ಅದು ಗೊತ್ತಾಗುವಂತಿರಲಿಲ್ಲ.

“ಎಲ್ಲರನ್ನೂ ಕೇಳಿದ್ರಿ. ನನ್ನನ್ನ ಮಾತ್ರ ಕೇಳ್ಲಿಲ್ಲ.”

“ನಿಮ್ಮನ್ನ ಕೇಳೋ ಪ್ರಶ್ನೆ ಬೇರೆ ಇತ್ತು.”

ಅದನ್ನು ಕೇಳಿದ. ಅವಳು ಹೂಂ ಎಂದಳು.

ಆರು ತಿಂಗಳಿಗೆ ಮದುವೆಯಾಯಿತು. ಕೇಕ್ ಹೊರಗಿನಿಂದ ತರಿಸಿದರು.